ತಾವರೆಯೋ, ನೈದಿಲೆಯೋ?

ಮಕ್ಕಳೇ, ಭಾರತೀನಗರದ ಕಡೆ ನಾಲೆ ನೀರು ತುಂಬುವ ಕೆರೆಕಟ್ಟೆಗಳನ್ನು ನೀವು ನೋಡಿದ್ದೀರಲ್ಲವೇ? ಅಂಥ ನೀರಿನಲ್ಲಿ ಯಾವ ಹೂ ಅರಳಿದರೂ ‘ತಾವರೆ’ ಎಂದುಬಿಡುತ್ತೇವೆ. ಅದು ನೈದಿಲೆಯೂ ಆಗಿರಬಹುದು!

ಹೂವಿಗಿಂತ ಮೊದಲು ಎಲೆಯನ್ನು ಗಮನಿಸಿ. ನೈದಿಲೆಯ ಎಲೆ ನೀರಿನ ಮೇಲೆ ತೇಲುತ್ತದೆ; ಅಂಚಿನಿಂದ ದಂಟಿನವರೆಗೆ ಒಂದು ಸೀಳು ಇರುತ್ತದೆ. ತಾವರೆ ಎಲೆಗೆ ಸೀಳಿಲ್ಲ. ಎಳೆಯ ಎಲೆಗಳು ತೇಲಿದರೂ ಬಲಿತವು ಕೊಡೆಯಂತೆ ನೀರಿನಿಂದ ಮೇಲೆದ್ದು ನಿಲ್ಲುತ್ತವೆ. ಮಾವಿನ ಎಲೆಯಲ್ಲಿ ಪತ್ರರಂಧ್ರಗಳು ಕೆಳಭಾಗದಲ್ಲಿರುತ್ತವೆ. ಈ ಎರಡು ಸಸ್ಯಗಳಲ್ಲಿ ಅವು ಮೇಲ್ಭಾಗದಲ್ಲಿವೆ. ಏಕೆಂದು ಯೋಚಿಸಿ.

ಕೆರೆಯ ಕೆಸರಿನಲ್ಲಿ ಗಾಳಿ ಬಹಳ ಕಡಿಮೆ. ಹಾಗಾದರೆ ಬೇರುಗಳು ಉಸಿರಾಡುವುದು ಹೇಗೆ? ಮಾರುಕಟ್ಟೆಯಿಂದ ತಂದ ತಾವರೆ ಹೂವಿನ ದಂಟನ್ನು ತೊಳೆದು ಅಡ್ಡಲಾಗಿ ಕತ್ತರಿಸಿ. ಒಳಗೆ ಉದ್ದುದ್ದ ಕೊಳವೆಗಳು ಕಾಣುತ್ತವೆ. ಒಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ ಇನ್ನೊಂದರಿಂದ ಊದಿದರೆ ಗುಳ್ಳೆಗಳೇಳುತ್ತವೆ. ಎಲೆಯ ದಂಟಿನಲ್ಲೂ ಇಂಥ ಕೊಳವೆಗಳಿದ್ದು, ಕೆಸರಿನೊಳಗಿನ ಕಾಂಡಕ್ಕೆ ಗಾಳಿ ತಲುಪುವುದು ಹೀಗೆಯೇ. (ದಂಟಿಗಾಗಿ ಕೆರೆಗೆ ಇಳಿಯಲೇಬೇಡಿ. ಹೂಳಿನಲ್ಲಿ ಕಾಲು ಹೂತು, ದಂಟುಗಳು ಸುತ್ತಿಕೊಂಡರೆ ಈಜು ಬಲ್ಲವರಿಗೂ ಅಪಾಯ.)

ಕಾಯಿಯಲ್ಲೂ ವ್ಯತ್ಯಾಸವಿದೆ. ತಾವರೆಯ ಬೀಜಗಳು ನೀರಿನ ಮೇಲೆ, ಲಾಳಿಕೆಯಾಕಾರದ ಭಾಗದ ಗುಳಿಗಳಲ್ಲಿ ಬಲಿಯುತ್ತವೆ. ನೈದಿಲೆಯ ಕಾಯಿ ನೀರೊಳಗೆ ಬಲಿಯುತ್ತದೆ.

ಇವೆರಡೂ ಅಕ್ಕತಂಗಿಯರೆಂದು ಸಸ್ಯವಿಜ್ಞಾನಿಗಳೂ ಬಹುಕಾಲ ಭಾವಿಸಿದ್ದರು. ಡಿಎನ್‌ಎ ಪರೀಕ್ಷೆ ಬೇರೆಯೇ ಕಥೆ ಹೇಳಿತು. ನಮ್ಮ ರಾಜ್ಯ ಪುಷ್ಪವಾದ ತಾವರೆಗೆ ನೈದಿಲೆಗಿಂತ ಹತ್ತಿರದ ನೆಂಟ ಯಾರು ಗೊತ್ತೇ? ಕಾಫಿ ತೋಟಗಳಲ್ಲಿ ನೆರಳು ಕೊಡುವ ಸಿಲ್ವರ್ ಓಕ್ ಮರ!