ನಳಿಕೆ ಮೇಲಿನ ಹೆಸರೊಂದನ್ನೇ ನಂಬಬೇಡಿ

ಹುಲಿಯೂರುದುರ್ಗದ ಓದುಗರಿಗೆ,

ನಿಮ್ಮ ಅಜ್ಜನ ಬೇಟೆ ಕೋವಿ ಟಿಪ್ಪು ಕಾಲದ್ದೆಂದು ಮನೆಯಲ್ಲಿ ಹೇಳುತ್ತಾರೆ, ನಳಿಕೆಯ ಮೇಲೆ ಮಾತ್ರ ‘ಪಿ. ಆರ್ ಅಂಡ್ ಸನ್ಸ್, ಮದ್ರಾಸ್’ ಎಂದಿದೆ ಎಂದು ಬರೆದಿದ್ದೀರಿ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಹಿಂಬದಿಯಿಂದ ತೋಟಾ ತುಂಬುವ ನಿಮ್ಮದರಂಥ ಕೋವಿಗಳು ವ್ಯಾಪಕ ಬಳಕೆಗೆ ಬಂದದ್ದು 19ನೇ ಶತಮಾನದ ನಡುವಿನ ನಂತರ. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ ಕಾಣುತ್ತದೆ.

ಮದ್ರಾಸಿನ ಹೆಸರು ಬಹುಪಾಲು ಮಾರಿದವರದ್ದು, ತಯಾರಿಸಿದವರದ್ದಲ್ಲ. ಮೂಲ ತಿಳಿಯಲು ನಳಿಕೆಯ ತಳಭಾಗದ ಪರೀಕ್ಷಾ ಮುದ್ರೆ ನೋಡಬೇಕು. ಕಿರೀಟದಡಿ ಅಡ್ಡಹಾಯ್ದ ಎರಡು ರಾಜದಂಡಗಳಿದ್ದರೆ 1813ರಿಂದ 1904ರವರೆಗಿನ ಬರ್ಮಿಂಗ್‌ಹ್ಯಾಮ್ ಮುದ್ರೆ. ಕಿರೀಟದಡಿ ‘ಬಿವಿ’, ‘ಬಿಪಿ’, ‘ಎನ್‌ಪಿ’ ಅಕ್ಷರಗಳಿದ್ದರೆ 1904ರ ನಂತರದ್ದು. ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’ ಎಂದಿದ್ದರೆ ಬೆಲ್ಜಿಯಂನ ಲಿಯೆಜ್. ಮುದ್ರೆ ಹೇಳುವುದು ಪರೀಕ್ಷೆ ನಡೆದ ಊರನ್ನು. ತಯಾರಕರ ಸುಳಿವು ಕ್ರಮಸಂಖ್ಯೆಯಲ್ಲಿರುತ್ತದೆ. ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್‌ನಂಥ ಕೋವಿ ತಯಾರಿಕಾ ಸಂಸ್ಥೆಗಳು ಹಳೆಯ ಮಾರಾಟದ ದಾಖಲೆಗಳನ್ನು ಇಟ್ಟುಕೊಂಡಿವೆ.

ತುಕ್ಕೆಂದು ಮರಳುಕಾಗದದಿಂದ ಉಜ್ಜಲೇಬೇಡಿ. ಅಕ್ಷರ ಅಳಿದರೆ ಇತಿಹಾಸವೇ ಹೋಯಿತು. ಗುರುತು ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ ಕೂಡ. ಎಣ್ಣೆ ಹಚ್ಚಿದ ಮೆತ್ತನೆ ಬಟ್ಟೆ ಸಾಕು.

ಇದಕ್ಕಿಂತ ಮುಖ್ಯವಾದದ್ದು ಪರವಾನಗಿ. ಅದು ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ, ಕೋವಿ ಮನೆಯಲ್ಲಿರುವುದು ಕಾನೂನಿಗೆ ವಿರುದ್ಧ. ತಡಮಾಡದೆ ಹುಲಿಯೂರುದುರ್ಗ ಠಾಣೆಗೆ ತಿಳಿಸಿ, ಅಲ್ಲಿ ಅಥವಾ ಪರವಾನಗಿಯುಳ್ಳ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಮುದ್ರೆಗಳ ಫೋಟೊವನ್ನು ಅಲ್ಲೇ, ತಿಳಿದವರ ಎದುರು ತೆಗೆಸಿಕೊಳ್ಳಿ.