ಬರಲಿರುವ ಕಾರಿಗೆ ಕಾಯುವ ಖರ್ಚು

ಕಾರು ಕೊಳ್ಳಬೇಕೆಂದಿರುವ ಮನೆಗಳಲ್ಲಿ ಈಗ ಬಜೆಟ್‌ಗಿಂತ ಸುದ್ದಿಯ ಚರ್ಚೆಯೇ ಜಾಸ್ತಿ. ಈ ಮಾಡೆಲ್ ನಿಲ್ಲುತ್ತದಂತೆ, ಡೀಸೆಲ್ ಬಂದ್ ಆಗುತ್ತದಂತೆ, ಮುಂದಿನ ವರ್ಷ ಹೊಸದು ಬರುತ್ತದಂತೆ. ಹಣದ ವಿಚಾರ ಬರೆಯುವ ನನ್ನನ್ನು ಪರಿಚಿತರು ಹೆಚ್ಚಾಗಿ ಕೇಳುವುದೂ ಇದನ್ನೇ: ಈಗಲೇ ತಗೊಳ್ಳೋದಾ, ಕಾಯೋದಾ?

ಹಾಸನದಲ್ಲಿ ಟ್ಯಾಕ್ಸಿ ಇಟ್ಟುಕೊಂಡಿರುವ ನಮ್ಮ ಭಾವ 2022ರಲ್ಲಿ ಇದನ್ನು ಕೇಳಿದಾಗ ಸುಲಭದ ಉತ್ತರವಿರಲಿಲ್ಲ. ಆ ಆಗಸ್ಟ್‌ನಲ್ಲಿ ಟೊಯೋಟಾ ತನ್ನ ಡೀಸೆಲ್ ಇನ್ನೋವಾ ಕ್ರಿಸ್ಟಾದ ಬುಕಿಂಗ್ ನಿಲ್ಲಿಸಿತ್ತು. ಪೆಟ್ರೋಲ್ ಹೈಬ್ರಿಡ್ ಇನ್ನೋವಾ ಬರುತ್ತದೆ, ಡೀಸೆಲ್ ಕಥೆ ಮುಗಿಯಿತು ಎಂದು ಎಲ್ಲೆಡೆ ಮಾತು. ಭಾವನ ಹಳೆಯ ಗಾಡಿಗೆ ರಿಪೇರಿ ಖರ್ಚು ಏರುತ್ತಿತ್ತು.

ಡೀಸೆಲ್ ಮುಗಿಯಿತೆಂದು ಊಹಿಸಿದವರಿಗೆ ಆಧಾರವೂ ಇತ್ತು. ಟೊಯೋಟಾದ ಬಿಡದಿ ಕಾರ್ಖಾನೆಯಿಂದ 2000ದಲ್ಲಿ ಹೊರಬಂದ ಕ್ವಾಲಿಸ್ ನಮ್ಮ ರಸ್ತೆಗಳಲ್ಲಿ ಮನೆಮಾತಾಗಿತ್ತು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, 2005ರಲ್ಲಿ, ಅದನ್ನು ನಿಲ್ಲಿಸಿ ಕಂಪನಿ ಇನ್ನೋವಾ ತಂದಿತು. ಹೀಗಾಗಿ 2022ರ ನವೆಂಬರ್‌ನಲ್ಲಿ ಡೀಸೆಲ್ ಎಂಜಿನ್ನೇ ಇಲ್ಲದ ಇನ್ನೋವಾ ಹೈಕ್ರಾಸ್ ಅನಾವರಣಗೊಂಡಾಗ ಕ್ರಿಸ್ಟಾಕ್ಕೂ ಅದೇ ಗತಿ ಎಂದುಕೊಂಡವರೇ ಹೆಚ್ಚು. ಆದರೆ 2023ರ ಜನವರಿಯಲ್ಲಿ ಡೀಸೆಲ್ ಕ್ರಿಸ್ಟಾದ ಬುಕಿಂಗ್ ಮತ್ತೆ ತೆರೆಯಿತು. ಒಂದೇ ಕಾರ್ಖಾನೆ, ಒಂದೇ ವಂಶದ ಗಾಡಿ, ಎರಡು ಬಗೆಯ ತೀರ್ಮಾನ.

ಇದರ ಹಿಂದಿನ ಲೆಕ್ಕ ತಿಳಿದಿರಬೇಕು. ಕಂಪನಿಯೊಂದು ವರ್ಷವಿಡೀ ಮಾರಿದ ಎಲ್ಲ ಕಾರುಗಳ ಇಂಗಾಲದ ಹೊಗೆಯ ಸರಾಸರಿಗೆ ಸರ್ಕಾರ ಮಿತಿ ಹಾಕಿದೆ. 2022-23ರಿಂದ ಅದು ಇನ್ನಷ್ಟು ಬಿಗಿಯಾಗಿ ಕಿಲೋಮೀಟರಿಗೆ ಸುಮಾರು 113 ಗ್ರಾಂಗೆ ಇಳಿಯಿತು. ಮಿತಿ ಸರಾಸರಿಗೆ ಆದ್ದರಿಂದ, ಹೈಬ್ರಿಡ್ಡುಗಳೂ ಸುಜುಕಿಯಿಂದ ಪಡೆದು ಟೊಯೋಟಾ ತನ್ನ ಹೆಸರಲ್ಲಿ ಮಾರುವ ಗ್ಲಾಂಝಾದಂಥ ಸಣ್ಣ ಕಾರುಗಳೂ ಹೆಚ್ಚು ಮಾರಾಟವಾದಷ್ಟೂ ಡೀಸೆಲ್ ಗಾಡಿ ಮಾರಲು ಅವಕಾಶ ಉಳಿಯುತ್ತದೆ. ಮುಂದಿನ ಹಂತದ ಮಿತಿ 2027ರ ಏಪ್ರಿಲ್‌ನಿಂದ ಬರಬೇಕಿದೆ. ಕ್ರಿಸ್ಟಾ ನಿಲ್ಲುತ್ತದೆಂಬ ಸುದ್ದಿ ಮತ್ತೆ ಓಡಾಡುತ್ತಿರುವುದು ಅದಕ್ಕೇ.

ಕೋರ್ಟಿನ ಆದೇಶವೂ ಕಂಪನಿಯ ಯೋಜನೆಯನ್ನು ಬದಲಿಸುತ್ತದೆ. ದೆಹಲಿ ಪ್ರದೇಶದಲ್ಲಿ 2000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನು ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ತಡೆದಿತ್ತು. ಅದರ ಬೆನ್ನಲ್ಲೇ, 2016ರಲ್ಲಿ ಕ್ರಿಸ್ಟಾ ಬಂದ ಕೆಲವೇ ತಿಂಗಳಲ್ಲಿ ಅದಕ್ಕೆ ಪೆಟ್ರೋಲ್ ಎಂಜಿನ್ ಕೂಡ ಸೇರಿತು. ತೆರಿಗೆಯಂತೂ ರಾತ್ರೋರಾತ್ರಿ ಲೆಕ್ಕ ತಿರುಗಿಸಬಲ್ಲದು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ದೊಡ್ಡ ಡೀಸೆಲ್ ಗಾಡಿಗಳ ತೆರಿಗೆ ಶೇ 50ರ ಆಸುಪಾಸಿನಿಂದ ಶೇ 40ಕ್ಕೆ ಇಳಿಯಿತು. ದೊಡ್ಡ ಹೈಬ್ರಿಡ್‌ಗಳದ್ದು ಶೇ 43ರಿಂದ ಶೇ 40ಕ್ಕೆ. ತೆರಿಗೆಯಲ್ಲಿ ಹೈಬ್ರಿಡ್‌ಗಿದ್ದ ಅನುಕೂಲ ಅಂದೇ ಹೋಯಿತು. ಹೊಸ ಮಾಡೆಲ್‌ನ ಟೆಸ್ಟಿಂಗ್ ವೇಳೆ ಕದ್ದು ತೆಗೆದ ಫೋಟೋ ಇಂಥ ಬದಲಾವಣೆಯನ್ನು ಹೇಳಲಾರದು.

ಭಾವನಿಗೆ ನಾನು ಹೇಳಿದ್ದು ಇಷ್ಟೇ: "ಕಂಪನಿ ಏನು ಮಾಡುತ್ತೋ ಅದು ನಮ್ಮ ಕೈಲಿಲ್ಲ ಭಾವ. ನಿಮ್ಮ ಗಾಡಿ ತಿಂಗಳಿಗೆ ಎಷ್ಟು ದುಡೀತಿದೆ, ಎಷ್ಟು ತಿಂತಿದೆ, ಅದನ್ನ ಬರೀರಿ." ಬೇಲೂರು, ಹಳೇಬೀಡು, ಸಕಲೇಶಪುರದ ಘಾಟಿ, ಧರ್ಮಸ್ಥಳ, ಬೆಂಗಳೂರು ವಿಮಾನ ನಿಲ್ದಾಣ: ಬಾಡಿಗೆಗೆ ಕೊರತೆಯಿರಲಿಲ್ಲ. ಗಾಡಿ ಗ್ಯಾರೇಜಿನಲ್ಲಿದ್ದ ದಿನಗಳ ನಷ್ಟವನ್ನು ಕೂಡಿದಾಗ ಕಾಯುವುದೇ ದುಬಾರಿ ಎಂದು ಇಬ್ಬರಿಗೂ ಕಂಡಿತು. ಅವರು ಎರಡು ವರ್ಷ ಓಡಿದ ಹಳದಿ ಬೋರ್ಡಿನ ಕ್ರಿಸ್ಟಾ ಕೊಂಡರು. ಹೊಸ ಕ್ರಿಸ್ಟಾ ಮರಳಿ ಬರುವ ಹೊತ್ತಿಗೆ ಇದು ತನ್ನ ಕಂತನ್ನು ತಾನೇ ಕಟ್ಟುತ್ತಿತ್ತು. ಡೀಸೆಲ್ ಬಾರದೇ ಹೋಗಿದ್ದರೂ ಅವರ ಲೆಕ್ಕ ಕೆಡುತ್ತಿರಲಿಲ್ಲ. ಒಳ್ಳೆಯ ಹಣಕಾಸಿನ ನಿರ್ಧಾರಕ್ಕೆ ನಾನು ಹಚ್ಚುವ ಒರೆಗಲ್ಲು ಇದೇ: ಊಹೆ ನಿಜವಾದರೂ ಸುಳ್ಳಾದರೂ ಅದು ನಿಲ್ಲಬೇಕು.

ಸಂಬಳದ ಮನೆಗೂ ಇದೇ ಮಾತು. ₹15 ಲಕ್ಷ ಸಾಲ, ಶೇ 9 ಬಡ್ಡಿ, 5 ವರ್ಷ ಎಂದರೆ ತಿಂಗಳ ಕಂತು ₹31,100ರ ಆಸುಪಾಸು. ಹಳೆಯ ಕಾರು ಗಟ್ಟಿಯಾಗಿದ್ದರೆ ಕಾಯಿರಿ. ಆ ಕಂತಿನ ಹಣವನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕಿ. ಹೊಸ ಮಾಡೆಲ್ ಬರಲಿ, ಬಿಡಲಿ, ನಿಮ್ಮ ಡೌನ್ ಪೇಮೆಂಟ್ ಬೆಳೆದಿರುತ್ತದೆ. ಕಾರು ಈಗಲೇ ಬೇಕಿದ್ದರೆ, ನಿಲ್ಲಲಿದೆ ಎಂಬ ಮಾತಿರುವ ಮಾಡೆಲ್‌ಗೆ ರಿಯಾಯಿತಿ ಕೇಳಿ, ಸರ್ವೀಸ್ ಮತ್ತು ಬಿಡಿಭಾಗಗಳ ಬಗ್ಗೆ ವಿಚಾರಿಸಿ, ತಯಾರಾದ ತಿಂಗಳು ನೋಡಿ. ಹೊಸ ಮಾಡೆಲ್‌ಗೆ ಬುಕಿಂಗ್ ಹಣ ಕಟ್ಟುವ ಮುನ್ನ, ರದ್ದು ಮಾಡಿದರೆ ಪೂರ್ತಿ ವಾಪಸ್ ಬರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಸುದ್ದಿ ಓದಲೇಬೇಕೆಂದರೆ ಕಂಪನಿ ಹಣ ಹೂಡುವ ಜಾಗ ನೋಡಿ. 2023ರ ನವೆಂಬರ್‌ನಲ್ಲಿ ಬಿಡದಿಯ ಮೂರನೇ ಘಟಕಕ್ಕೆ ₹3,300 ಕೋಟಿ ಹೂಡುವುದಾಗಿ ಟೊಯೋಟಾ ಕರ್ನಾಟಕ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಇಂಥದ್ದು ದಿಕ್ಕು ತೋರಿಸುತ್ತದೆ; ಯಾವ ಮಾಡೆಲ್, ಯಾವ ತಿಂಗಳು ಎಂಬುದನ್ನಲ್ಲ. ಕಾರನ್ನು ನಿಮ್ಮ ಮನೆಯ ಅಗತ್ಯ ನೋಡಿ ಕೊಳ್ಳಿ, ಕಂಪನಿಯ ಯೋಜನೆ ಊಹಿಸಿ ಕೊಳ್ಳಬೇಡಿ.