ಫೀಸಿಲ್ಲದ ಶಾಲೆಯನ್ನೂ ಮಕ್ಕಳು ಬಿಡುವುದೇಕೆ?

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲ. ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಎಲ್ಲ ಸರ್ಕಾರದ್ದೇ. ಆದರೂ ಹಳ್ಳಿಯ ಬಡ ಮಕ್ಕಳು ಓದು ಬಿಡುವುದೇಕೆ? ನಾನು ಕಂದಾಯ ಇಲಾಖೆಯಿಂದ ನಿವೃತ್ತನಾದವನು. ಪ್ರತಿ ಜೂನ್‌ನಲ್ಲಿ ನಮ್ಮೂರ ಶಾಲೆಯಲ್ಲಿ ನೋಟ್‌ಬುಕ್ ಹಂಚುತ್ತೇನೆ. ಇದರಿಂದ ಉಪಯೋಗವಿದೆಯೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಉಪಯೋಗವಿದೆ, ನಿಲ್ಲಿಸಬೇಡಿ. ಆದರೆ ನೋಟ್‌ಬುಕ್ ಇಲ್ಲವೆಂಬ ಒಂದೇ ಕಾರಣಕ್ಕೆ ಶಾಲೆ ಬಿಡುವ ಮಕ್ಕಳು ಕಡಿಮೆ. ಬಿಡುವ ಕಾರಣ ಬೇರೆ ಕಡೆ ಇದೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಕೈ ಹಿಡಿಯುವುದು 6ರಿಂದ 14 ವರ್ಷದವರೆಗೆ ಮಾತ್ರ. ಎಂಟನೇ ತರಗತಿ ದಾಟುವ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಹೈಸ್ಕೂಲು ಪಕ್ಕದ ಊರಿಗೆ ಹೋಗಿರುತ್ತದೆ, ಪಿಯು ಕಾಲೇಜು ಇನ್ನೂ ದೂರ. ಹುಡುಗನಿಗೆ ಕೂಲಿ ಸಿಗುವ ವಯಸ್ಸೂ ಅದೇ, ಹುಡುಗಿಗೆ ಗಂಡು ಹುಡುಕಲು ಮನೆಯವರು ಶುರುಮಾಡುವ ವಯಸ್ಸೂ ಅದೇ. ಬಿಸಿಯೂಟ ಹತ್ತನೇ ತರಗತಿಗೆ ಮುಗಿಯುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಬಸ್ ಖರ್ಚು ಉಳಿದದ್ದು ದೊಡ್ಡ ಆಸರೆ, ಆದರೆ ಸರ್ಕಾರಿ ಬಸ್ಸೇ ಬಾರದ ಊರಿಗೆ ಅದರಿಂದ ಏನೂ ಇಲ್ಲ. ಯಾದಗಿರಿ, ರಾಯಚೂರು ಕಡೆ ಅಪ್ಪ ಅವ್ವ ಗುಳೆ ಹೊರಟರೆ ಮಗುವೂ ಹೊರಡುತ್ತದೆ, ಇಲ್ಲವೇ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತದೆ. ಎರಡರಲ್ಲೂ ಶಾಲೆ ತಪ್ಪುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದೇ ಹೋಗಿ ಅಲ್ಲಿಗೇ ನಿಂತವರೂ ಇದ್ದಾರೆ. ಪಾಸಾಗಿ ವಿಜ್ಞಾನ ತೆಗೆದುಕೊಂಡ ಕನ್ನಡ ಮಾಧ್ಯಮದ ಮಗುವಿಗೆ ಪಿಯುಸಿಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಕಿರುಪರೀಕ್ಷೆಯಲ್ಲೇ ಅದು ಕುಗ್ಗಿಹೋಗುತ್ತದೆ.

ಇನ್ನೊಂದು ಅಡ್ಡಿ ನಿಮಗೆ ಚೆನ್ನಾಗಿ ಗೊತ್ತಿರುವಂಥದ್ದು: ಕಾಗದಪತ್ರ. ಬಡ ಮಕ್ಕಳ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯನ್ನೇ ನೋಡಿ. ಎಂಟನೇ ತರಗತಿಯಲ್ಲಿ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಬಡ ಮನೆಗೆ ಅದು ಸಣ್ಣ ಮೊತ್ತವಲ್ಲ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು, ಮೀಸಲಾತಿಗೆ ಜಾತಿ ಪ್ರಮಾಣಪತ್ರ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಶಾಲೆಯ ದಾಖಲೆಯಲ್ಲಿ ‘ಮಂಜವ್ವ’, ಆಧಾರ್‌ನಲ್ಲಿ ‘ಮಂಜುಳಾ’ ಎಂದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಸರಿಪಡಿಸಲು ಅವ್ವ ನಾಡಕಚೇರಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಅಂದು ಸರ್ವರ್ ಇಲ್ಲದಿದ್ದರೆ ಮರುದಿನದ ಕೂಲಿಯೂ ಹೋಯಿತು. ಮೂರನೆಯ ಸಲ ಆಕೆ ಹೋಗುವುದಿಲ್ಲ, ಅದಕ್ಕೆ ಆಕೆಯನ್ನು ದೂರುವುದು ಅನ್ಯಾಯ. ಹೀಗೆ ಮಕ್ಕಳಿಗೆ ಸೇರಬೇಕಾದ ಹಣ ಸೇರದೇ ಉಳಿಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮಲ್ಲಿ ಓದುವ ಮಕ್ಕಳನ್ನು ಸಾಕಿದ ಸಂಪ್ರದಾಯ ಹಳೆಯದು. ಊರ ಜನ ದಿನಕ್ಕೊಂದು ಮನೆಯಂತೆ ವಾರಾನ್ನ ಹಾಕಿ ಓದಿಸಿದರು, ಮಠಗಳು ಉಚಿತ ಪ್ರಸಾದ ನಿಲಯ ತೆರೆದವು. ತುಮಕೂರಿನ ಸಿದ್ಧಗಂಗೆಯಲ್ಲಿ ಇಂದಿಗೂ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಮೂರೂ ಒಟ್ಟಿಗೆ ಸಿಗುತ್ತವೆ. ವಾರಾನ್ನಕ್ಕೆ ಜಾತಿಯ ಮಿತಿ ಇತ್ತು, ಎಲ್ಲ ಮಕ್ಕಳಿಗೂ ಆ ಬಾಗಿಲು ತೆರೆಯಲಿಲ್ಲ. ಅದನ್ನು ಮರೆತು ಹಿಂದಿನದನ್ನು ಹೊಗಳುವುದು ಸರಿಯಲ್ಲ. ಆದರೆ ಒಮ್ಮೆ ಕೊಟ್ಟು ಸುಮ್ಮನಾಗದೆ ಓದು ಮುಗಿಯುವ ತನಕ ಮಗುವಿನ ಜೊತೆಗಿರುವ ಕ್ರಮವನ್ನು ಅಲ್ಲಿಂದ ಕಲಿಯಬೇಕು.

ಈ ಕ್ರಮವನ್ನು ಇಂದು ಸೊಗಸಾಗಿ ಪಾಲಿಸುತ್ತಿರುವುದು ಉಡುಪಿಯ ಯಕ್ಷಗಾನ ಕಲಾರಂಗ. ಕಲಾವಿದರಿಗಾಗಿ 1975ರಲ್ಲಿ ಹುಟ್ಟಿದ ಈ ಸಂಸ್ಥೆ 2005ರಲ್ಲಿ ‘ವಿದ್ಯಾಪೋಷಕ್’ ಆರಂಭಿಸಿ ಬಡ ಪಿಯುಸಿ ವಿದ್ಯಾರ್ಥಿಗಳ ಕೈಹಿಡಿಯಿತು. ಅರ್ಜಿ ಹಾಕಿದ ಮಕ್ಕಳ ಮನೆಗೆ ಕಾರ್ಯಕರ್ತರೇ ಹೋಗುತ್ತಾರೆ. ಹಾಗೆ ಹೋದದ್ದರಿಂದಲೇ ಫೀಸಿಗಿಂತ ದೊಡ್ಡ ಕೊರತೆಗಳು ಅವರ ಕಣ್ಣಿಗೆ ಬಿದ್ದವು: ಸೋರುವ ಮಾಡು, ಕರೆಂಟಿಲ್ಲದ ಮನೆ. ದಾನಿಗಳನ್ನು ಹಿಡಿದು ಅಂಥ ಮಕ್ಕಳಿಗೆ ಮನೆಗಳನ್ನೇ ಕಟ್ಟಿಸಿಕೊಟ್ಟರು. ಮನೆಯ ಹೊಸ್ತಿಲು ದಾಟದ ದಾನಿಗೆ ಇದು ಹೊಳೆಯುವುದೇ ಇಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಖ್ಯೋಪಾಧ್ಯಾಯರ ಜೊತೆ ಕುಳಿತು ಒಂಬತ್ತು, ಹತ್ತನೇ ತರಗತಿಯ ಹಾಜರಿ ಪುಸ್ತಕ ನೋಡಿ. ತಿಂಗಳಿಗೆ ಐದಾರು ದಿನ ತಪ್ಪಿಸುವ ಮಗು ಯಾವುದೆಂದು ತಿಳಿದು ಅದರ ಮನೆಗೆ ಹೋಗಿ. ಬಸ್ ಪಾಸು, ಪರೀಕ್ಷಾ ಶುಲ್ಕ, ಗಣಿತಕ್ಕೆ ಸಂಜೆ ಪಾಠ, ಇವುಗಳಲ್ಲಿ ಬೇಕಾದದ್ದು ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ನೂರು ಮಕ್ಕಳ ಬದಲು ಇಬ್ಬರನ್ನೇ ಆರಿಸಿಕೊಂಡರೂ ಸರಿ, ಪಿಯುಸಿ ಮುಗಿಯುವವರೆಗೆ ಬಿಡಬೇಡಿ. ಕೊಡುವಾಗ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಬೇಡಿ. ಹದಿನೈದು ವರ್ಷದ ಮಗುವಿಗೆ ಮಾನ ಅನ್ನಕ್ಕಿಂತ ದೊಡ್ಡದು.

ಕಂದಾಯ ಇಲಾಖೆಯ ಅನುಭವ ನಿಮ್ಮಲ್ಲಿದೆ. ಊರ ಎಂಟನೇ ತರಗತಿ ಮಕ್ಕಳ ಜಾತಿ, ಆದಾಯ ಪತ್ರಗಳನ್ನು ಒಟ್ಟಿಗೇ ಮಾಡಿಸಿಕೊಡಿ. ಅದಕ್ಕೆ ನಿಮ್ಮ ಪಿಂಚಣಿಯಿಂದ ದೊಡ್ಡ ಮೊತ್ತವೇನೂ ಬೇಕಾಗಿಲ್ಲ, ನಿಮ್ಮ ಸಮಯ ಬೇಕು. ಈ ಜೂನ್‌ನಲ್ಲೇ ಶುರುಮಾಡಿ.